‘ಈ ಸಲ ಕಪ್ ನಮ್ದೆ’: ಒಂದು ಸಾಲಿನ ವಿಮರ್ಶೆ

ನಮ್ಮ ವಿಮರ್ಶಕರು ಕವಿತೆಯ ಸಾಲುಗಳನ್ನು ಎಳೆ ಎಳೆಯಾಗಿ ಬಿಡಿಸಿ ನೋಡಿದ್ದಾರೆ. ನವ್ಯರ ಒಂದು ಪ್ರತಿಮೆಗೆ ಹತ್ತು ಪುಟ ಬರೆದವರಿದ್ದಾರೆ. ಆದರೆ ಈ ಕಾಲದಲ್ಲಿ ಕನ್ನಡದ ಹುಡುಗರ ಬಾಯಲ್ಲಿ ಯಾವ ಕವಿತೆಗಿಂತಲೂ ಹೆಚ್ಚು ಸಲ ಬಂದುಹೋದ ಒಂದು ಸಾಲಿದೆ. ಅದನ್ನು ಯಾವ ಕವಿಯೂ ಬರೆದದ್ದಲ್ಲ, ಯಾವ ಮೇಷ್ಟ್ರೂ ಬಾಯಿಪಾಠ ಮಾಡಿಸಿದ್ದಲ್ಲ. ‘ಈ ಸಲ ಕಪ್ ನಮ್ದೆ.’ ಮೂಡಿಗೆರೆ ಬಸ್ ಸ್ಟ್ಯಾಂಡಿನಲ್ಲಿ, ಕಳಸದ ಜಾತ್ರೆಯಲ್ಲಿ, ಪಿಕಪ್ ಗಾಡಿಗಳ ಹಿಂದೆ, ತೋಟದ ಲೈನ್ ಮನೆಗಳ ಗೋಡೆಯ ಮೇಲೆ ಇದ್ದಿಲಲ್ಲಿ ನಾನು ಇದನ್ನು ಓದಿದ್ದೇನೆ. ಈ ಸಾಲನ್ನು ಕವಿತೆಯ ಹಾಗೆ ಓದಬೇಕು ಅನ್ನುವುದು ನನ್ನ ಹಟ. ಯಾಕೆಂದರೆ ಇದಕ್ಕಾಗಿ ಅತ್ತವರನ್ನು ಕಣ್ಣಾರೆ ಕಂಡಿದ್ದೇನೆ, ನಾನೂ ಅತ್ತಿದ್ದೇನೆ. ಕವಿತೆಗೆ ಅತ್ತವರನ್ನು ನೋಡಿದ್ದು ಕಮ್ಮಿ.

ಗೆಳೆಯರೆ, ಇದರ ಬಗ್ಗೆ ಎರಡು ತೀರ್ಪುಗಳು ಈಗಾಗಲೇ ಸಿದ್ಧವಾಗಿವೆ. ಒಂದು ನಮ್ಮವರದೇ: ‘ಬಂಡವಾಳಶಾಹಿಗಳ ಆಟಕ್ಕೆ ಕೂಲಿಯವರ ಮಕ್ಕಳು ಅಳೋದಾ? ಇದು ಅಫೀಮು.’ ಇನ್ನೊಂದು ಒಳಗೆ ಕುರ್ಚಿ ಸಿಕ್ಕವರದು: ‘ಆಟ ಅಂದ್ರೆ ಆಟ ಅಷ್ಟೆ, ಅಲ್ಲಿ ಜಾತಿ ವರ್ಗ ಯಾಕೆ ತರ್ತೀರಿ?’ ಇಬ್ಬರೂ ಸಾಲನ್ನು ಓದಿಲ್ಲ. ಅಫೀಮು ತಿಂದವನಿಗೆ ನೋವು ಗೊತ್ತಾಗೋದಿಲ್ಲ. ಇಲ್ಲಿ ಹದಿನೆಂಟು ವರ್ಷ ನೋವನ್ನೇ ತಿಂದವರಿದ್ದಾರೆ.

ಆಟ ನೋಡದವರಿಗಾಗಿ ಒಂದು ಮಾತು. 2008ರಲ್ಲಿ ಐಪಿಎಲ್ ಶುರುವಾದಾಗ ವಿಜಯ್ ಮಲ್ಯ 11 ಕೋಟಿ 16 ಲಕ್ಷ ಡಾಲರಿಗೆ ಬೆಂಗಳೂರಿನ ತಂಡವನ್ನು ಹರಾಜಿನಲ್ಲಿ ಹಿಡಿದರು. ತಮ್ಮ ಕಂಪನಿಯ ವಿಸ್ಕಿ ರಾಯಲ್ ಚಾಲೆಂಜಿನ ಹೆಸರಿನ ಮೇಲೆ ತಂಡಕ್ಕೂ ರಾಯಲ್ ಚಾಲೆಂಜರ್ಸ್ ಅಂತ ಹೆಸರಿಟ್ಟರು. (ಆ ವಿಸ್ಕಿ ನಮ್ಮ ಲೈನಿನ ಗಂಡಸರ ಕೈಗೆ ಎಟುಕುವಂಥದ್ದಲ್ಲ. ಅವರನ್ನು ತಿಂದದ್ದು 2007ರಲ್ಲಿ ನಿಷೇಧವಾಗುವವರೆಗೂ ಸಿಗುತ್ತಿದ್ದ ಪ್ಯಾಕೆಟ್ ಸಾರಾಯಿ.) ಹೀಗೆ ಒಂದು ಬಾಟಲಿಯ ಲೇಬಲ್ಲನ್ನು ನಮ್ಮ ಹುಡುಗರು ಎದೆಗೆ ಹಚ್ಚಿಕೊಂಡರು. ಇಷ್ಟು ಹೇಳಿ ನಕ್ಕು ಎದ್ದುಹೋಗುವವರು ಹೋಗಬಹುದು. ನನಗೆ ಕುತೂಹಲ ಇರುವುದು ಆಮೇಲೆ ನಡೆದದ್ದರಲ್ಲಿ.

ಮೊದಲು ‘ಈ ಸಲ’. ಈ ಎರಡು ಪದಗಳ ಹೊಟ್ಟೆಯಲ್ಲಿ ‘ಹೋದ ಸಲ’ ಇದೆ. ಸೋತವನು ಮಾತ್ರ ‘ಈ ಸಲ’ ಅನ್ನುತ್ತಾನೆ. 2009ರ ಫೈನಲ್ಲು ಜೊಹಾನ್ಸ್‌ಬರ್ಗಿನಲ್ಲಿ. ನಮ್ಮ ಕುಂಬ್ಳೆ 16 ರನ್ನಿಗೆ 4 ವಿಕೆಟ್ ಕಿತ್ತರೂ ತಂಡ ಡೆಕ್ಕನ್ ಚಾರ್ಜರ್ಸ್ ಎದುರು 6 ರನ್ನಿಂದ ಸೋತಿತು. 2011ರ ಫೈನಲ್ಲಿನಲ್ಲಿ ಚೆನ್ನೈ 58 ರನ್ನಿಂದ ಹೊಡೆದು ಮಲಗಿಸಿತು. 2013ರ ಏಪ್ರಿಲ್ 23ರಂದು ಗೇಲ್ ಒಬ್ಬನೇ ಔಟಾಗದೆ 175 ಬಾರಿಸಿ ತಂಡ 263 ಮುಟ್ಟಿತು. ಸರಿಯಾಗಿ ನಾಲ್ಕು ವರ್ಷಕ್ಕೆ, 2017ರ ಅದೇ ಏಪ್ರಿಲ್ 23ರಂದು, ಕೋಲ್ಕತ್ತದಲ್ಲಿ ಇಡೀ ತಂಡ 49ಕ್ಕೆ ಮುದುರಿಕೊಂಡಿತು. ಹಬ್ಬಕ್ಕೂ ಅದೇ ತಾರೀಖು, ತಿಥಿಗೂ ಅದೇ ತಾರೀಖು. 2024ರಲ್ಲಿ ಮೊದಲ ಎಂಟು ಪಂದ್ಯದಲ್ಲಿ ಏಳು ಸೋತು, ಎಲ್ಲರೂ ಕೈಬಿಟ್ಟ ಮೇಲೆ, ಸಾಲಾಗಿ ಆರು ಗೆದ್ದು ಒಳಸುತ್ತಿಗೆ ಬಂದು, ಅಲ್ಲಿ ಮೊದಲ ಆಟದಲ್ಲೇ ಹೊರಗೆ. ಸತ್ತವರನ್ನು ಎಬ್ಬಿಸಿ ಕೂರಿಸಿ, ಅನ್ನ ಬಡಿಸಿ, ತಟ್ಟೆ ಕಿತ್ತುಕೊಂಡ ಹಾಗೆ.

ಇವುಗಳಲ್ಲೆಲ್ಲ 2016ರ ಮೇ 29ರ ರಾತ್ರಿಯ ಬಗ್ಗೆ ನಾನು ಸ್ವಲ್ಪ ನಿಲ್ಲಲೇಬೇಕು. ಆ ವರ್ಷ ಕೊಹ್ಲಿ ನಾಲ್ಕು ಶತಕದೊಂದಿಗೆ 973 ರನ್ ಹೊಡೆದಿದ್ದ. ಫೈನಲ್ಲು ಬೆಂಗಳೂರಲ್ಲೇ. ಹೈದರಾಬಾದಿನವರು 208 ಮಾಡಿದ್ದರು. ನಮ್ಮ ಲೈನಿನಲ್ಲಿ ಸಂಜೆಯ ಗಾಳಿಮಳೆಗೆ ಕರೆಂಟು ಹೋಗಿತ್ತು. ಮೇಲಿನ ಬಂಗಲೆಯಲ್ಲಿ ಯುಪಿಎಸ್ ಇತ್ತು. ನಾವು ಆರೇಳು ಹುಡುಗರು ಅಲ್ಲಿಯ ಕಿಟಕಿಯ ಹೊರಗೆ, ಜಗಲಿಯ ಅಂಚಿಗೆ ಕಾಲೂರಿ ನಿಂತಿದ್ದೆವು. ಒಳಗೆ ಸೋಫಾದ ಮೇಲೆ ನಮ್ಮದೇ ವಯಸ್ಸಿನ ಆ ಮನೆಯ ಮಗ. ಗೇಲ್, ಕೊಹ್ಲಿ ಹತ್ತೂವರೆ ಓವರಿಗೆ ವಿಕೆಟ್ಟಿಲ್ಲದೆ 114. ಇನ್ನೇನು! ಅಷ್ಟರಲ್ಲಿ 76ಕ್ಕೆ ಗೇಲ್ ಹೋದ, 54ಕ್ಕೆ ಕೊಹ್ಲಿ ಹೋದ, ಆಮೇಲೆ ಒಬ್ಬೊಬ್ಬರೇ. ಕೊನೆಗೆ 200ಕ್ಕೆ ನಿಂತಿತು, 8 ರನ್ನಿನ ಸೋಲು. ಆಗ ಕಿಟಕಿಯ ಸರಳಿನ ಆಚೆಗೂ ಈಚೆಗೂ ಬಂದ ‘ಅಯ್ಯೋ’ ಒಂದೇ. ಆ ಹುಡುಗ ತಿರುಗಿ ನಮ್ಮ ಕಡೆ ನೋಡಿದ. ಅವನ ಕಣ್ಣಲ್ಲೂ ನೀರಿತ್ತು. ಆ ಮನೆಯವರು ನಮ್ಮ ಜೊತೆ ಅಳುವುದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಸಾವಿಗೂ ಅವರು ಬೇರೆ ಅಳುತ್ತಾರೆ, ನಾವು ಬೇರೆ ಅಳುತ್ತೇವೆ. ಮುಂದಿನ ಕ್ಷಣದಲ್ಲಿ ಟಿವಿ ಆರಿತು, ‘ಹೋಗ್ರೋ ಕೆಳಗೆ’ ಅಂತ ಯಾರೋ ಅಂದರು, ನಾವು ರೊಬಸ್ಟಾ ಗಿಡಗಳ ನಡುವೆ ಮೊಬೈಲ್ ಬೆಳಕು ಹಿಡಿದು ಇಳಿದೆವು. ಆದರೂ ಆ ಒಂದು ಕ್ಷಣವನ್ನು ಸುಳ್ಳು ಅನ್ನಲು ನನಗೆ ಬಾಯಿ ಬರೋದಿಲ್ಲ. ಅಫೀಮು ಅನ್ನುವ ಹಿರಿಯರು ಆ ‘ಅಯ್ಯೋ’ಗೆ ಮೊದಲು ಲೆಕ್ಕ ಕೊಡಬೇಕು.

ಕಾಯುವುದು ಈ ಗುಡ್ಡದವರಿಗೆ ಹೊಸದೇನಲ್ಲ. ಐಪಿಎಲ್ ನಡೆಯುವ ಮಾರ್ಚ್, ಏಪ್ರಿಲ್ಲಿನಲ್ಲೇ ಕಾಫಿಗೆ ಹೂಮಳೆ ಬೀಳಬೇಕು. ಹೊತ್ತಿಗೆ ಸರಿಯಾಗಿ ಒಂದಿಂಚು ಬಿದ್ದರೆ ವರ್ಷದ ಫಸಲು, ಬೀಳದಿದ್ದರೆ ಮೊಗ್ಗು ಗಿಡದಲ್ಲೇ ಕರಕಲು. ತೋಟದ ಯಜಮಾನರು ಆಕಾಶ ನೋಡುತ್ತಾರೆ. ನಾವೂ ನೋಡುತ್ತೇವೆ, ಫಸಲಿದ್ದರೆ ಕೊಯ್ಲು, ಕೊಯ್ಲಿದ್ದರೆ ಕೂಲಿ. ಆದರೆ ಮಳೆ ಬಂದರೆ ಕರೆಂಟು ಹೋಗ್ತದೆ, ಟವರ್ ಹೋಗ್ತದೆ, ಮ್ಯಾಚ್ ಹೋಗ್ತದೆ! ಅನ್ನಕ್ಕೆ ಬೇಕಾದ ಮಳೆಯನ್ನು ‘ಇವತ್ತೊಂದು ರಾತ್ರಿ ಬೇಡಪ್ಪ’ ಅಂತ ಬೇಡಿಕೊಂಡವನ ಎದೆಯೊಳಗೆ ಎಂಥ ಜಗಳ ನಡೆದಿರಬೇಕು. ಅಭಿಮಾನಿಯ ಭಾವನೆಯನ್ನು ಹಗುರ ಅಂದವರು ಈ ಜಗಳವನ್ನು ಕಂಡಿಲ್ಲ.

ಇನ್ನು ‘ಕಪ್’. 2016ರ ಆ ರಾತ್ರಿ ಮನೆಗೆ ಬಂದು ಮುಖ ಮುಚ್ಚಿ ಮಲಗಿದ್ದಾಗ ಅಜ್ಜಿ ಕೇಳಿದ್ದು ಇಷ್ಟು: ‘ಎಂತದಾ ಮಾರಾಯ, ಒಂದು ಲೋಟಕ್ಕೆ ಹಿಂಗೆ ಅಳದಾ?’ ಅವಳಿಗೆ ಕಪ್ ಅಂದರೆ ಲೋಟ. ಅವಳು ಪ್ರಾಯದಲ್ಲಿ ಗೇಯುತ್ತಿದ್ದ ತೋಟದ ಮನೆಯಲ್ಲಿ ಇವಳ ಪಾಲಿಗೆ ಒಂದು ಕರಟ. ಕುಡಿದು, ತೊಳೆದು, ಹಿತ್ತಲ ಬೇಲಿಗೆ ಸಿಕ್ಕಿಸಿ ಬರಬೇಕು. ಹಣ್ಣು ಕೊಯ್ದವಳು ಇವಳು, ಒಣಗಿಸಿದವಳು ಇವಳು, ಮೂಟೆ ಹೊತ್ತವನು ಅಜ್ಜ. ಕಾಫಿ ಮಾತ್ರ ಕರಟದಲ್ಲಿ, ಮೇಲಿಂದ ಹೊಯ್ದದ್ದು. ಹಾಗಾಗಿ ‘ಕಪ್ ನಮ್ದೆ’ ಅನ್ನುವ ಮಾತು ನಮ್ಮ ಮನೆಯಲ್ಲಿ ಬರೀ ಆಟದ ಮಾತಾಗಿ ಉಳಿಯಲಾರದು.

ಕ್ರಿಕೆಟ್ಟಿಗೂ ಈ ಲೋಟದ ಕತೆ ಗೊತ್ತು. ಪಾಲ್ವಣಕರ್ ಬಾಳೂ ಅಂತ ಒಬ್ಬರಿದ್ದರು. 1870ರ ದಶಕದಲ್ಲಿ ನಮ್ಮ ಧಾರವಾಡದಲ್ಲೇ ಹುಟ್ಟಿದವರು, ಚಮ್ಮಾರ ಜಾತಿ. ಪುಣೆಯಲ್ಲಿ ಬ್ರಿಟಿಷರ ಕ್ಲಬ್ಬಿನ ಮೈದಾನ ಉರುಳಿಸುವ, ಗುಡಿಸುವ ಕೆಲಸ. ಸಾಹೇಬರಿಗೆ ಅಭ್ಯಾಸಕ್ಕೆ ಚೆಂಡು ಹಾಕುತ್ತಾ ಹಾಕುತ್ತಾ ದೇಶದ ಅತಿ ದೊಡ್ಡ ಎಡಗೈ ಸ್ಪಿನ್ನರ್ ಆದರು. ಅವರಿಲ್ಲದೆ ಗೆಲ್ಲಲಾಗದು ಅಂತ ಗೊತ್ತಾಗಿ ಹಿಂದೂ ತಂಡದವರು ಸೇರಿಸಿಕೊಂಡರು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನೇ ಎಲ್ಲರೂ ಮುಟ್ಟುತ್ತಿದ್ದರು. ಚಹಾದ ಹೊತ್ತಿಗೆ ಮಾತ್ರ ಅವರು ಪೆವಿಲಿಯನ್ನಿನ ಹೊರಗೆ, ಕುಡಿದು ಬಿಸಾಕುವ ಮಣ್ಣಿನ ಕುಡಿಕೆಯಲ್ಲಿ. 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತದ ತಂಡದಲ್ಲಿ ಎಲ್ಲ ಪಂದ್ಯ ಸೇರಿ ನೂರಕ್ಕೂ ಮೇಲೆ ವಿಕೆಟ್ ಕಿತ್ತರು. ಆದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲಿಲ್ಲ. ಅದು 1923ರಲ್ಲಿ ಅವರ ತಮ್ಮ ವಿಠ್ಠಲರಿಗೆ ಸಿಕ್ಕಿತು.

ಬಾಳೂ ಅವರನ್ನು ಮೆಚ್ಚಿದವರಲ್ಲಿ ಒಬ್ಬ ತರುಣನ ಹೆಸರು ಭೀಮರಾವ್ ಅಂಬೇಡ್ಕರ್. ಅಂದರೆ ಬಾಬಾಸಾಹೇಬರೂ ಒಂದು ಕಾಲಕ್ಕೆ ಒಬ್ಬ ಆಟಗಾರನ ಅಭಿಮಾನಿ! ಆಮೇಲಿನದು ಯಾವ ಫೈನಲ್ಲಿಗೂ ಕಡಿಮೆಯಲ್ಲ. 1932ರ ಪೂನಾ ಒಪ್ಪಂದದ ಹೊತ್ತಿಗೆ ಬಾಳೂ ಗಾಂಧಿಯ ಕಡೆ. 1937ರ ಮುಂಬಯಿ ಚುನಾವಣೆಯಲ್ಲಿ ಕಾಂಗ್ರೆಸ್ಸು ಅಂಬೇಡ್ಕರರ ಎದುರು ಬಾಳೂ ಅವರನ್ನೇ ನಿಲ್ಲಿಸಿತು. ಅಂಬೇಡ್ಕರ್ ಗೆದ್ದರು. ತಾನು ಮೆಚ್ಚಿದವನ ಎದುರೇ ನಿಂತು ಗೆಲ್ಲಬೇಕಾದ ಅಭಿಮಾನಿಯ ಮನಸ್ಸು ಆ ದಿನ ಹೇಗಿತ್ತೋ! ಈಗ ಪೋಸ್ಟರು ಹರಿಯುವ ನಮ್ಮ ಹುಡುಗರಿಗೆ ಈ ಕತೆಯನ್ನು ಮೇಷ್ಟ್ರುಗಳು ಹೇಳಬೇಕು. ಕ್ಲಾಸಿನಲ್ಲಿ ಸ್ಕೋರ್ ಕೇಳಿದ್ದಕ್ಕೆ ಬೆಂಚಿನ ಮೇಲೆ ನಿಲ್ಲಿಸುವುದಕ್ಕಿಂತ ಅದು ಒಳ್ಳೆಯದು.

ಈಗ ‘ನಮ್ದೆ’. ಸಾಲಿನ ಜೀವ ಇರುವುದು ಇಲ್ಲಿ, ಅದರಲ್ಲೂ ಕೊನೆಯ ‘ಎ’ ಅಕ್ಷರದಲ್ಲಿ. ವ್ಯಾಕರಣದ ಪಾಠದಲ್ಲಿ ಇದಕ್ಕೆ ಅವಧಾರಣೆ ಅನ್ನುತ್ತಾರೆ, ಒತ್ತಿ ಹೇಳುವುದು. ಯಾರು ಒತ್ತಿ ಹೇಳುತ್ತಾರೆ? ತೋಟದ ಯಜಮಾನರು ‘ಈ ತೋಟ ನಮ್ದು’ ಅಂತ ಸುಮ್ಮನೆ ಅನ್ನುತ್ತಾರೆ. ಒತ್ತುವ ದರ್ದು ಅವರಿಗಿಲ್ಲ, ಪಹಣಿ ಇದೆ. ‘ಇದು ನಮ್ದೇ ಸ್ವಾಮಿ, ನಮ್ದೇ’ ಅಂತ ತಾಲ್ಲೂಕು ಆಫೀಸಿನ ಕಿಟಕಿಯಲ್ಲಿ ಹೇಳುವವನು ಕಾಗದ ಇಲ್ಲದವನು. ಮೂಡಿಗೆರೆ ವಿಧಾನಸಭೆಗೆ ಮೀಸಲು ಕ್ಷೇತ್ರ, ಆದರೆ ಮೂಡಿಗೆರೆಯ ನೆಲ ಯಾರಿಗೂ ಮೀಸಲಾಗಿ ಬರಲಿಲ್ಲ. ಲೈನ್ ಮನೆ ತೋಟದ್ದು, ಕೆಲಸ ಬಿಟ್ಟರೆ ಮನೆಯೂ ಬಿಡಬೇಕು. ಹೀಗೆ ‘ನಮ್ದು’ ಅನ್ನಲು ಏನೂ ಇಲ್ಲದವನ ಬಾಯಿಗೆ ಈ ಸಾಲು ಒಂದು ‘ನಮ್ದೆ’ಯನ್ನು ಕೊಟ್ಟಿತು. ಅದಕ್ಕೇ ಅದು ಬೆಂಗಳೂರಿನ ಐಟಿ ಆಫೀಸಿನಲ್ಲಿ ಹುಡುಗಾಟವಾಗಿ ಕೇಳಿಸುತ್ತದೆ, ಇಲ್ಲಿ ಗೋಡೆಯ ಮೇಲೆ ಇದ್ದಿಲಲ್ಲಿ ಬೇರೆ ಥರ ಕೇಳಿಸುತ್ತದೆ.

ಆದರೆ ಯಾರ ‘ನಮ್ದು’? ತಂಡದ ಒಡೆತನ ಕಂಪನಿಗೆ, ಆಟಗಾರರು ಹರಾಜಿನವರು. ಕಪ್ ಗೆದ್ದ ಫೈನಲ್ಲಿನ ಹನ್ನೊಂದರಲ್ಲಿ ಕರ್ನಾಟಕದವರು ಮಯಾಂಕ್ ಅಗರ್ವಾಲ್ ಒಬ್ಬರೇ. ಅದೇ 2025ರ ಏಪ್ರಿಲ್ 10ರಂದು ಮಂಗಳೂರಲ್ಲಿ ಬೆಳೆದ ಕೆ. ಎಲ್. ರಾಹುಲ್ ಡೆಲ್ಲಿ ತಂಡದ ಪರ ಔಟಾಗದೆ 93 ಹೊಡೆದು ಬೆಂಗಳೂರನ್ನು ಬೆಂಗಳೂರಲ್ಲೇ ಸೋಲಿಸಿದ. ಆಮೇಲೆ ಬ್ಯಾಟಿನಿಂದ ನೆಲದ ಮೇಲೆ ಸುತ್ತು ಗೆರೆ ಎಳೆದು ಬ್ಯಾಟನ್ನು ಊರಿ, ಇದು ನನ್ನ ಜಾಗ ಅಂತ ತೋರಿಸಿದ. ಎದುರು ತಂಡದವನು ನಮ್ಮವನು, ನಮ್ಮ ತಂಡದವರು ಹೊರಗಿನವರು. ಆ ರಾತ್ರಿ ಖುಷಿ ಪಡಬೇಕೋ ಅಳಬೇಕೋ ತಿಳಿಯದೆ ಒದ್ದಾಡಿದವರನ್ನು ಬಲ್ಲೆ. ನೆಲದ ಪ್ರಶ್ನೆ ಬಂದ ಕೂಡಲೆ ‘ನಮ್ದೆ’ ಹೀಗೆ ಬಿರುಕು ಬಿಡುತ್ತದೆ.

ಇನ್ನೊಂದು ಬಿರುಕು ನಮ್ಮ ಲೈನಿನಲ್ಲೇ ಇದೆ. ಈಗ ಕಾಫಿ ತೋಟಗಳ ಕೆಲಸಕ್ಕೆ ಅಸ್ಸಾಮಿನಿಂದ ಕುಟುಂಬಗಳು ಬಂದಿವೆ. 2024ರ ಮೇ 22ರಂದು ನಮ್ಮ ತಂಡವನ್ನು ಹೊರಹಾಕಿದ್ದು ರಾಜಸ್ಥಾನ, ಅದರಲ್ಲಿ 36 ರನ್ ಹೊಡೆದವನು ಅಸ್ಸಾಮಿನ ರಿಯಾನ್ ಪರಾಗ್. ಒಂದೇ ಗೋಡೆ. ಈಚೆ ಮನೆಯಲ್ಲಿ ಸೂತಕ, ಆಚೆ ಮನೆಯಲ್ಲಿ ಸಿಳ್ಳೆ. ನಮ್ಮ ಹುಡುಗನೊಬ್ಬ ಕಲ್ಲು ಎತ್ತಿಕೊಂಡ. ಬೆಳಿಗ್ಗೆ ಇಬ್ಬರೂ ಒಂದೇ ಮೇಸ್ತ್ರಿಯ ಕೆಳಗೆ ಒಂದೇ ಸಾಲಿನಲ್ಲಿ ಕಳೆ ಹೊಡೆದರು. ಆ ಕಲ್ಲನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಕಿಟಕಿಯ ಆಚೆಯವನನ್ನು ಒಂದು ಕ್ಷಣ ನಮ್ಮವನನ್ನಾಗಿ ಮಾಡಿದ ಸಾಲೇ, ಪಕ್ಕದ ಮನೆಯ ಕೂಲಿಯವನನ್ನು ಹೊರಗಿನವನನ್ನಾಗಿ ಮಾಡಿತು.

ತಂಡದವರು ಅಭಿಮಾನಿಗಳನ್ನು ಹನ್ನೆರಡನೆಯ ಆಟಗಾರ ಅಂತ ಕರೆದರು. ಹುಡುಗರು ಉಬ್ಬಿಹೋದರು. ಹನ್ನೆರಡನೆಯವನ ಕೆಲಸ ಏನು ಅಂತ ಯಾರೂ ಕೇಳಲಿಲ್ಲ. ನೀರು ಹೊರುವುದು.

2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಪಂಜಾಬನ್ನು 6 ರನ್ನಿಂದ ಸೋಲಿಸಿ ಕಪ್ ಬಂದೇ ಬಂತು. 6 ರನ್ನಿಂದ ಹೋದದ್ದು 6 ರನ್ನಿಂದಲೇ ಬಂತು. ಕೊನೆಯ ಚೆಂಡು ಬೀಳುವ ಮೊದಲೇ ಕೊಹ್ಲಿ ಅಳುತ್ತಿದ್ದ. ಲೈನಿನಲ್ಲಿ ತಟ್ಟೆ ಬಡಿದರು, ನಾಯಿಗಳೆಲ್ಲ ಬೊಗಳಿದವು. ಬೆಳಿಗ್ಗೆ ನಮ್ಮ ಕಡೆಯಿಂದಲೂ ಬೆಂಗಳೂರಿನ ಬಸ್ಸು ಹತ್ತಿದವರಿದ್ದರು. ಹದಿನೆಂಟು ವರ್ಷ ಕಿಟಕಿಯಿಂದ, ಮೊಬೈಲಿನಿಂದ ನೋಡಿದ್ದನ್ನು ಒಂದು ಸಲ ಹತ್ತಿರದಿಂದ ನೋಡಬೇಕು, ಅಷ್ಟೆ. ಮೂವತ್ತೈದು ಸಾವಿರದಷ್ಟು ಜನ ಹಿಡಿಯುವ ಚಿನ್ನಸ್ವಾಮಿ ಸ್ಟೇಡಿಯಂ ಸುತ್ತ ಲಕ್ಷಗಟ್ಟಲೆ ಜನ ಸೇರಿದರು. ಪಾಸು ಬೇಕೋ ಬೇಡವೋ, ಯಾವ ಗೇಟು, ಯಾವ ಹೊತ್ತು ಅನ್ನುವುದೇ ಜನಕ್ಕೆ ತಿಳಿಯದೆ ಗೇಟುಗಳಲ್ಲಿ ನೂಕುನುಗ್ಗಲಾಯಿತು. ಹನ್ನೊಂದು ಜನ ಸತ್ತರು. ಹನ್ನೊಂದು, ಒಂದು ತಂಡದ ಲೆಕ್ಕ. ಹೆಚ್ಚಿನವರು ನನ್ನ ಆಸುಪಾಸಿನ ವಯಸ್ಸಿನವರು, ಶಾಲೆಗೆ ಹೋಗುವ ಹುಡುಗಿಯೂ ಇದ್ದಳು. ಹೊರಗೆ ಹೆಣ ಎತ್ತುತ್ತಿದ್ದಾಗ ಒಳಗೆ ಸನ್ಮಾನ ನಡೆಯಿತು.

ಸೋಲುವಷ್ಟು ಕಾಲ ತಂಡಕ್ಕೆ ಗೇಟಿರಲಿಲ್ಲ. ಅಳುವುದಕ್ಕೆ ಪಾಸು ಕೇಳಿದವರಿಲ್ಲ. ಆ ಸೋಲುಗಳನ್ನು ನಗೆಹನಿ ಮಾಡಿ, ಘೋಷಣೆ ಮಾಡಿ, ವರ್ಷವರ್ಷವೂ ಹೊತ್ತು ತಂದವರು ಜನ. ಕಂಪನಿಯ ತಂಡವನ್ನು ‘ನಮ್ದು’ ಮಾಡಿದ್ದು ಆ ಸೋಲಿನ ದುಡಿಮೆ. ಗೆಲುವು ಬಂದ ಮಾರನೆ ದಿನವೇ ಅದನ್ನು ಯಾರು ಎಷ್ಟು ಹತ್ತಿರದಿಂದ ನೋಡಬಹುದು ಎಂದು ತೀರ್ಮಾನಿಸುವವರು ಹುಟ್ಟಿಕೊಂಡರು. ಸರ್ಕಾರ ಪೊಲೀಸ್ ಅಧಿಕಾರಿಗಳನ್ನು ಅಮಾನತು ಮಾಡಿತು, ನ್ಯಾಯಮೂರ್ತಿ ಮೈಕೆಲ್ ಡಿ’ಕುನ್ಹ ಅವರ ಆಯೋಗ ಕೂತು ವರದಿ ಕೊಟ್ಟಿತು, ತಂಡದವರು ಸತ್ತವರ ಮನೆಗೆ 25 ಲಕ್ಷದಂತೆ ಕೊಟ್ಟರು. ಆ ವರ್ಷ ಬೆಂಗಳೂರಲ್ಲಿ ಆಗಬೇಕಿದ್ದ ಮಹಿಳಾ ವಿಶ್ವಕಪ್ಪಿನ ಪಂದ್ಯಗಳು ನವಿ ಮುಂಬಯಿಗೆ ಹೋದವು. ಗಂಡಸರ ಕಪ್ಪಿನ ಮೆರವಣಿಗೆಗೆ ಹೆಂಗಸರ ಆಟ ತಲೆ ಕೊಟ್ಟಿತು.

ಹೆಂಗಸರ ಮಾತು ಬಂತು. ‘ಹದಿನೆಂಟು ವರ್ಷದ ಬರ ನೀಗಿತು’ ಅಂತ ಎಲ್ಲರೂ ಬರೆದರು, ನಾನೂ ಮೇಲೆ ಅದೇ ಲೆಕ್ಕದಲ್ಲಿ ಮಾತಾಡಿದೆ, ಯಾಕೆಂದರೆ ಜನರ ಬಾಯಲ್ಲಿ ಇದ್ದದ್ದು ಅದೇ ಲೆಕ್ಕ. ಆದರೆ 2024ರ ಮಾರ್ಚ್ 17ರಂದೇ ಇದೇ ತಂಡದ ಹೆಂಗಸರು ಡೆಲ್ಲಿಯನ್ನು ಸೋಲಿಸಿ ಕಪ್ ತಂದಿದ್ದರು. ಕನ್ನಡದ ಹುಡುಗಿ ಶ್ರೇಯಾಂಕಾ ಪಾಟೀಲ್ 12 ರನ್ನಿಗೆ 4 ವಿಕೆಟ್ ಕಿತ್ತಿದ್ದಳು. ನಾಯಕಿ ಸ್ಮೃತಿ ಮಂಧಾನಾ ಅಂದು ಮೈಕಿನ ಮುಂದೆ ನಿಂತು, ಇನ್ನು ‘ನಮ್ದೆ’ ಅಲ್ಲ, ‘ನಮ್ದು’ ಅಂದಳು. ಕನ್ನಡದವಳಲ್ಲದ ಹುಡುಗಿ ಆ ‘ಎ’ಯನ್ನು ಕಿತ್ತು ಪಕ್ಕಕ್ಕಿಟ್ಟಳು. ನನ್ನ ಮಟ್ಟಿಗೆ ಈ ಸಾಲಿನ ಬಗ್ಗೆ ಬಂದ ಅತ್ಯುತ್ತಮ ವಿಮರ್ಶೆ ಅದು. ಲೈನಿನ ಗೋಡೆಯ ಮೇಲಿನ ‘ನಮ್ದೆ’ಯನ್ನು ಆಗ ಯಾರೂ ತಿದ್ದಲಿಲ್ಲ.

ನಮ್ಮ ಜಿಲ್ಲೆಯ ಬಯಲಿನ ಕಡೂರಿನಿಂದ ವೇದಾ ಕೃಷ್ಣಮೂರ್ತಿ ಹೋದಳು. 2017ರ ಜುಲೈ 23ರಂದು ಲಾರ್ಡ್ಸ್ ಮೈದಾನದಲ್ಲಿ ವಿಶ್ವಕಪ್ ಫೈನಲ್. ಇಂಗ್ಲೆಂಡಿನ 228ರ ಎದುರು ನಮ್ಮವರು 3 ವಿಕೆಟ್ಟಿಗೆ 191. ವೇದಾ 35 ಹೊಡೆದು ಗೆಲುವನ್ನು ಹತ್ತಿರ ತಂದಳು. ಆಮೇಲೆ 28 ರನ್ನಿಗೆ ಏಳು ವಿಕೆಟ್ ಉರುಳಿ 9 ರನ್ನಿಂದ ಸೋಲು. 2016ರ ಬೆಂಗಳೂರಿನ ರಾತ್ರಿಯ ಹಾಗೆಯೇ ಇದು. ಆದರೆ ಅದಕ್ಕೆ ನಮ್ಮ ಲೈನಿನಲ್ಲಿ ಮುಖ ಮುಚ್ಚಿ ಮಲಗಿದವರು ಯಾರೂ ಇರಲಿಲ್ಲ. ಜಿಲ್ಲೆಯ ಹುಡುಗಿ ನಿಜವಾಗಿ ‘ನಮ್ದು’ ಆಗಬಹುದಾಗಿದ್ದ ಕಪ್ಪಿನ ಹತ್ತಿರ ಹೋಗಿದ್ದಾಗ ಆ ‘ನಮ್ದೆ’ ಬಾಯಿಗೆ ಬರಲಿಲ್ಲ. ಈ ಸಾಲಿನ ಮೇಲೆ ನನ್ನ ದೊಡ್ಡ ಆಕ್ಷೇಪಣೆ ಇದು, ವಿಸ್ಕಿಯ ಹೆಸರಲ್ಲ.

ವೇದಾ 2025ರ ಜುಲೈನಲ್ಲಿ ಆಟದಿಂದ ನಿವೃತ್ತಿ ಹೇಳಿದಳು. ನವೆಂಬರ್ 2ರ ರಾತ್ರಿ ನವಿ ಮುಂಬಯಿಯಲ್ಲಿ ಭಾರತದ ಹೆಂಗಸರು ದಕ್ಷಿಣ ಆಫ್ರಿಕವನ್ನು 52 ರನ್ನಿಂದ ಸೋಲಿಸಿ ವಿಶ್ವಕಪ್ ಗೆದ್ದರು. ಮಳೆಯಿಂದ ತಡವಾಗಿ ಶುರುವಾದ ಆಟ ಮುಗಿಯುವ ಹೊತ್ತಿಗೆ ನಡುರಾತ್ರಿ. ಬೆಳಿಗ್ಗೆ ಕೆಲಸಕ್ಕೆ ಏಳಬೇಕಾದ ಅವ್ವ ಗೋಡೆಗೆ ಒರಗಿ ನನ್ನ ಮೊಬೈಲಿನಲ್ಲಿ ನೋಡುತ್ತಾ ಕೂತಿದ್ದಳು. ಅವಳು ಆಟ ನೋಡಿದ್ದು ಅದೇ ಮೊದಲು. ಕಪ್ ಎತ್ತಿದಾಗ ಕೇಳಿದಳು:

‘ಕಡೂರಿನ ಹುಡುಗಿ ಎಲ್ಲಿ?’

‘ಅವಳು ಬಿಟ್ಟಳು ಅವ್ವ, ಈ ವರ್ಷವೇ.’

‘ಮತ್ತೆ ಇವ್ರು ಎಲ್ಲಿಯವ್ರು?’

ಒಬ್ಬೊಬ್ಬರ ಊರು ಹೇಳತೊಡಗಿದೆ. ಪಂಜಾಬ್, ಹರಿಯಾಣ, ಆಂಧ್ರ, ಬಂಗಾಳ, ಮಹಾರಾಷ್ಟ್ರ. ಅಸ್ಸಾಮಿನ ಉಮಾ ಛೆಟ್ರಿಯೂ ತಂಡದಲ್ಲಿ ಇದ್ದಾಳೆ ಅಂದಾಗ ಅವ್ವ ಎದ್ದುಹೋಗಿ ನಡುಗೋಡೆಯನ್ನು ಎರಡು ಸಲ ತಟ್ಟಿದಳು.